ಕನ್ನಡಿಯಲ್ಲಿ ಕೊಟ್ಟ ಸಮಾಧಾನ

ಜನರ ಮುಖಗಳಿಗಿಂತ ಹೆಡತಲೆಗಳನ್ನೇ ಹೆಚ್ಚು ಬಲ್ಲವನು ಕತ್ತರಿಯಣ್ಣ. ವಾರವೆಲ್ಲ ಕ್ಷೌರದಂಗಡಿಯ ಕುರ್ಚಿಯ ಹಿಂದೆ ನಿಂತು ಅವುಗಳ ಮೇಲೆ ಕತ್ತರಿಯಾಡಿಸುತ್ತಿದ್ದ. ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತು ಅವೇ ಹೆಡತಲೆಗಳನ್ನು ನೋಡುತ್ತ ಕೀರ್ತನೆ ಹಾಡುತ್ತಿದ್ದ. ಯಾರಿಗೆ ಕೂದಲು ಬೆಳೆದಿದೆ, ಯಾರು ಕದ್ದುಮುಚ್ಚಿ ಬೇರೆ ಅಂಗಡಿಗೆ ಹೋಗಿಬಂದಿದ್ದಾರೆ ಎಂಬುದೆಲ್ಲ ಪಾದ್ರಿಗಳ ಪ್ರಸಂಗ ಮುಗಿಯುವುದರೊಳಗೆ ಅವನಿಗೆ ತಿಳಿದುಹೋಗುತ್ತಿತ್ತು.

ಆ ಕೊನೆಯ ಬೆಂಚು ಹೆಂಡತಿ ಆರಿಸಿದ್ದು. ಅವಳಿಗೆ ಕೆಮ್ಮು. ಬಾಗಿಲ ಪಕ್ಕವಾದರೆ ಪ್ರಾರ್ಥನೆಯ ನಡುವೆ ಸದ್ದಿಲ್ಲದೆ ಎದ್ದುಹೋಗಬಹುದು ಎನ್ನುತ್ತಿದ್ದಳು. ಕೊನೆಗೆ ಹಾಗೆಯೇ, ಯಾರಿಗೂ ತೊಂದರೆ ಕೊಡದೆ, ಲೋಕದಿಂದಲೂ ಎದ್ದುಹೋದಳು. ಅವನು ಜಾಗ ಬದಲಿಸಲಿಲ್ಲ. ಅವಳು ಕೂರುತ್ತಿದ್ದಲ್ಲಿ ಕೂರುವುದು ಸರಿಯಲ್ಲವೆಂದು ಉಳಿದವರು ಆ ಬೆಂಚಿನ ಹತ್ತಿರ ಸುಳಿಯಲಿಲ್ಲ. ಅದು ಗೌರವವೇ. ಆದರೆ ಆರಾಧನೆಯ ಮಧ್ಯೆ ಪಾದ್ರಿಗಳು "ಒಬ್ಬರಿಗೊಬ್ಬರು ಸಮಾಧಾನ ಹೇಳಿರಿ" ಎಂದಾಗ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದು "ಸಮಾಧಾನ" ಎನ್ನುತ್ತಿದ್ದರು. ಕತ್ತರಿಯಣ್ಣ ಮಾತ್ರ ತನ್ನ ಒಂದು ಕೈಯನ್ನು ಇನ್ನೊಂದಕ್ಕೆ ಕೊಟ್ಟುಕೊಂಡು ಕೂತಿರುತ್ತಿದ್ದ.

ಹೀಗಿರುವಾಗ ಚರ್ಚಿನ ತೊಲೆಗೆ ಗೆದ್ದಲು ಹಿಡಿದದ್ದು ಬಡಗಿಯ ಕಣ್ಣಿಗೆ ಬಿತ್ತು. ಉಳಿಯಿಂದ ತಿವಿದರೆ ಮರ ಹಿಟ್ಟಿನಂತೆ ಉದುರಿತು.

"ಇಷ್ಟು ದಿನ ನಿಂತಿದ್ದು ನಿಮ್ಮ ಪ್ರಾರ್ಥನೆಯಿಂದಲೇ ಅಯ್ಯನವರೇ. ಇನ್ಮೇಲೆ ಅದನ್ನೇ ನಂಬ್ಕೊಂಡು ಇದರ ಕೆಳಗೆ ಕೂರಬೇಡಿ," ಎಂದ ಬಡಗಿ, ಪಾದ್ರಿಗಳಿಗೆ.

ಬಾಗಿಲಿಗೆ ಬೀಗ ಬಿತ್ತು. ಪಾದ್ರಿಗಳ ಮನೆ ಕಿರಿದು, ಬೇರೆಲ್ಲೂ ಜಾಗ ಸಿಗಲಿಲ್ಲ. ಚರ್ಚಿನ ಎದುರಿಗೇ ಇದ್ದು, ಭಾನುವಾರ ಮುಚ್ಚಿರುತ್ತಿದ್ದ ಅಂಗಡಿ ಕತ್ತರಿಯಣ್ಣನದು. "ನಮ್ಮಂಗಡೀಲಿ ಆಗುತ್ತಾ ನೋಡಿ," ಎಂದ, ಆಗಲಾರದು ಎಂಬ ಧೈರ್ಯದಲ್ಲಿ. ಆಗಿಹೋಯಿತು.

ಕತ್ತರಿ, ಬಾಚಣಿಗೆ ಇಡುವ ಹಲಗೆಯ ಮೇಲೆ ಬಿಳಿ ಬಟ್ಟೆ ಹಾಸಿ ರೊಟ್ಟಿ, ಬಟ್ಟಲು ಇಟ್ಟರು. ಅದರ ಹಿಂದೆ ಗೋಡೆಯುದ್ದಕ್ಕೂ ಕನ್ನಡಿ. ತಿರುಗುವ ಕುರ್ಚಿ ಸೂಲಗಿತ್ತಿ ಅಜ್ಜಿಗೆ. ಸಭೆಯ ಅರ್ಧ ಜನರ ಮುಖವನ್ನು ಅವರ ತಾಯಂದಿರಿಗಿಂತ ಮೊದಲು ಕಂಡವಳು ಅವಳು. ಈಗ ವಯಸ್ಸಾಗಿ ಅವಳ ಕತ್ತು ಬಿಗಿದುಕೊಂಡು, ಅತ್ತಿತ್ತ ಹೊರಳುತ್ತಿರಲಿಲ್ಲ. ಉಳಿದವರು ಸಿಕ್ಕಸಿಕ್ಕಲ್ಲಿ ಒತ್ತಿಕೊಂಡರು. ಅಂಗಡಿಯ ಯಜಮಾನ ಅಭ್ಯಾಸಬಲದಿಂದ ಹಿಂದೆ, ಬಾಗಿಲಿಗೊರಗಿ ನಿಂತ.

ಸಮಾಧಾನ ಹೇಳುವ ಹೊತ್ತು ಬಂತು. ಕೈ ಚಾಚಲೂ ಜಾಗವಿಲ್ಲ. ಅಜ್ಜಿ ಕೂತಲ್ಲಿಂದಲೇ ಕನ್ನಡಿಯಲ್ಲಿ ಕಣ್ಣಾಡಿಸಿದಳು.

"ಏ ಕತ್ತರಿ, ಬಾಗಿಲಿಗೆ ಮೊಳೆ ಹೊಡೆದ ಹಾಗೆ ನಿಂತಿದ್ದೀಯಲ್ಲ, ನಿನಗೂ ಸಮಾಧಾನ ಕಣೋ."

ಎಲ್ಲರೂ ನಕ್ಕರು. ನಗುತ್ತಲೇ ಕನ್ನಡಿಯಲ್ಲಿ ಅವನನ್ನು ಹುಡುಕಿ ತಲೆಯಾಡಿಸಿದರು. ಅಂದಿನಿಂದ ಅದೇ ರೂಢಿಯಾಯಿತು. ಬಡಗಿ ಕಣ್ಣು ಮುಚ್ಚಿ ಹಾಡುತ್ತಾನೆಂದು, ಪಾದ್ರಿಗಳ ಹೆಂಡತಿಗೆ ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಕತ್ತರಿಯಣ್ಣನಿಗೆ ಗೊತ್ತಾದದ್ದು ಆಗಲೇ. ಶನಿವಾರ ಸಂಜೆ ಅಂಗಡಿ ಮುಚ್ಚಿ, ಮಗುವಿನ ಮುಖ ತೊಳೆಯುವಂತೆ ಕನ್ನಡಿ ಒರೆಸುತ್ತಿದ್ದ. ಒಮ್ಮೆ ಒರೆಸುತ್ತ, "ದೇವರೇ, ಬಡಗಿಯ ಕೈ ಸ್ವಲ್ಪ ನಿಧಾನವಾಗಲಿ," ಎಂದು ಬೇಡಿಕೊಂಡ. ನಾಚಿಕೆಯಾಗಿ, ಬೇಡಿಕೆಯನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡ.

ಬಡಗಿಯ ಕೈ ನಿಧಾನವಾಗಲಿಲ್ಲ. ಹೊಸ ತೊಲೆ ಏರಿತು. ಕೊನೆಯ ಆರಾಧನೆ ಮುಗಿಸಿ ಎಲ್ಲರೂ ಬಟ್ಟಲು, ಬಟ್ಟೆ, ಕೀರ್ತನೆ ಪುಸ್ತಕಗಳನ್ನು ಹೊತ್ತು ಹೋದರು. ಮಾರನೆಯ ದಿನ ನೋಡಿದರೆ ಹಿಡಿಯ ಕನ್ನಡಿಯೂ ಕಾಣೆಯಾಗಿತ್ತು. ಕೂದಲು ಕತ್ತರಿಸಿದ ಮೇಲೆ ಗಿರಾಕಿಯ ಹಿಂದೆ ಹಿಡಿದು, ಅವನ ಹೆಡತಲೆಯನ್ನು ಅವನಿಗೇ ತೋರಿಸುವ ಪುಟ್ಟ ಕನ್ನಡಿ ಅದು. ಡ್ರಾಯರುಗಳನ್ನೆಲ್ಲ ತಡಕಾಡಿದ. ಖಾಲಿ ಅಂಗಡಿಯಲ್ಲಿ ದೊಡ್ಡ ಕನ್ನಡಿ ಅವನೊಬ್ಬನನ್ನೇ ತೋರಿಸುತ್ತಿತ್ತು. ತಿರುಗುವ ಕುರ್ಚಿಯನ್ನು ಸುಮ್ಮನೆ ಕನ್ನಡಿಯಿಲ್ಲದ ಗೋಡೆಯ ಕಡೆಗೆ ತಿರುಗಿಸಿಟ್ಟ.

ಭಾನುವಾರ ಚರ್ಚಿನಲ್ಲಿ ಹೊಸ ಮರದ ವಾಸನೆ. ಎಲ್ಲರೂ ತಮ್ಮ ತಮ್ಮ ಹಳೆಯ ಬೆಂಚುಗಳಿಗೆ ಹೋದರು. ಅವನ ಕಾಲೂ ತಾನಾಗಿಯೇ ಹಿಂದಕ್ಕೆ ನಡೆಯಿತು. ಮತ್ತೆ ಅವೇ ಹೆಡತಲೆಗಳು. ಪಾದ್ರಿಗಳು ಸಮಾಧಾನ ಹೇಳಿರಿ ಎಂದರು. ಅಕ್ಕಪಕ್ಕದ ಕೈಗಳು ಕೂಡಿದವು. ಕತ್ತರಿಯಣ್ಣ ಪಕ್ಕದ ಖಾಲಿ ಜಾಗವನ್ನೊಮ್ಮೆ ನೋಡಿ, ತನ್ನ ಕೈಗೆ ತನ್ನ ಕೈ ಕೊಟ್ಟುಕೊಂಡ.

ಆಗ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ, ಅಜ್ಜಿಯ ನರೆಗೂದಲಿನ ಮೇಲೆ, ಏನೋ ಫಳಕ್ಕನೆ ಹೊಳೆಯಿತು. ಹಿಡಿಯ ಕನ್ನಡಿ. ಮುದಿ ಕೈಯಲ್ಲಿ ನಡುಗುತ್ತ ಅದು ಮೊದಲು ತೊಲೆಯನ್ನು ತೋರಿಸಿತು, ಆಮೇಲೆ ಬಡಗಿಯ ಕಿವಿಯನ್ನು. ಅವಳು ಯಾರನ್ನೋ ಹುಡುಕುತ್ತಿದ್ದಳು. ಕತ್ತರಿಯಣ್ಣ ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಸಿಗಲಿಲ್ಲ. ಕೈ ಸೋತು ಕನ್ನಡಿ ಕೆಳಗಿಳಿಯತೊಡಗಿತು.

ಚರ್ಚಿನಲ್ಲಿ ಕೀರ್ತನೆಗಲ್ಲದೆ ಬಾಯಿ ತೆರೆದವನಲ್ಲ ಅವನು.

"ಸ್ವಲ್ಪ ಮೇಲೆ ಹಿಡೀರಿ, ಅಜ್ಜಿ," ಎಂದ. ದನಿ ತೊಲೆಯವರೆಗೂ ಕೇಳಿಸಿತು. "ಇನ್ನೂ ಸ್ವಲ್ಪ ಎಡಕ್ಕೆ."

ಕನ್ನಡಿಯಲ್ಲಿ ಅಜ್ಜಿಯ ಒಂದು ಕಣ್ಣು ಬಂದು ನಿಂತಿತು.

"ಬಾಯಿ ಬಿಡೋಕೆ ಇಷ್ಟು ಹೊತ್ತಾ? ಕೈ ಬಿದ್ದುಹೋಯ್ತು ನನಗೆ. ಸಮಾಧಾನ ಕಣೋ."

ಬೆಂಚು ಬೆಂಚಾಗಿ ಹೆಡತಲೆಗಳೆಲ್ಲ ಹಿಂದಕ್ಕೆ ತಿರುಗಿದವು.

ಆ ಕನ್ನಡಿಯನ್ನು ಅವನು ವಾಪಸ್ಸು ಕೇಳಲಿಲ್ಲ. ಹಿಂದೆ ಹೇಗೆ ಕಾಣುತ್ತೆ ಎಂದು ಗಿರಾಕಿಗಳು ಕೇಳಿದರೆ, "ನಾನು ನೋಡ್ತಾ ಇದ್ದೀನಲ್ಲ, ಚೆನ್ನಾಗಿದೆ," ಎನ್ನುತ್ತಾನೆ.