ಗಾಜಿನ ತಟ್ಟೆಯಲ್ಲಿ ಬೆಳೆದ ಚರ್ಮ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತೆ. ಪ್ರತಿ ಸಲ ಎದ್ದುಬಿಟ್ಟೆ. ಈಗ ಎಂಬತ್ತು ದಾಟಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ಖಾನಾಪುರದಲ್ಲಿ ನಮ್ಮ ಮನೆಯ ಕಸುಬು ಹಾಲು ಬತ್ತಿಸಿ ಖವಾ ಕಾಸುವುದು. ಭಟ್ಟಿಯ ಮುಂದೆ ಕೂರುವವರು ವೈನಿ, ತೀರಿಹೋದ ನನ್ನ ಅಣ್ಣನ ಹೆಂಡತಿ. ಬೆಳಗಾವಿಯ ಮಿಠಾಯಿ ಅಂಗಡಿಗೆ ಒಯ್ಯುವವನು ನಾನು. ಒಂದು ಬೆಳಿಗ್ಗೆ ಅವರ ಬೆರಳ ತುದಿಯಲ್ಲಿ ಬಿಳಿ ಕಲೆ ಕಂಡಿತು. ದೀಪಾವಳಿಯ ಹೊತ್ತಿಗೆ ಎರಡೂ ಕೈಗೆ ಹಬ್ಬಿತು.

ತೊನ್ನು.

ನಾನೇ ಅವರನ್ನು ಬೆಳಗಾವಿಯ ದವಾಖಾನೆಗೆ ಕರೆದೊಯ್ದೆ. ಸ್ಕಿನ್ ಓಪಿಡಿಯ ಡಾಕ್ಟರು ಬರಿಗೈಯಲ್ಲಿ ಅವರ ಬೆರಳು ಹಿಡಿದು ನೋಡಿದರು. ಇದು ಮುಟ್ಟಿದರೆ ಹರಡುವ ರೋಗವಲ್ಲ, ಅಡುಗೆಗೂ ಅಡ್ಡಿಯಿಲ್ಲ ಎಂದು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ಆಮೇಲೆ ತೊಡೆಯಿಂದ ಅಕ್ಕಿಕಾಳಿನಷ್ಟು ಚರ್ಮ ಕೇಳಿದರು. ಮುಂಬೈಯ ಲ್ಯಾಬಿನಲ್ಲಿ ಗಾಜಿನ ತಟ್ಟೆಯಲ್ಲಿ ಅದನ್ನು ಬೆಳೆಸಿ, ಚರ್ಮಕ್ಕೆ ಬಣ್ಣ ಹೇಗೆ ಬರುತ್ತದೆಂದು ನೋಡುವರಂತೆ. ವೈನಿ ಕೂಡಲೇ ಒಪ್ಪಿದರು.

ಮನೆಗೆ ಬಂದು ವೈನಿ ಡಾಕ್ಟರ ಮಾತನ್ನು ಹೇಳಿದರು. ಅವ್ವ ನಂಬಲಿಲ್ಲ. ನನ್ನ ಕಡೆ ತಿರುಗಿದಳು.

"ಖರೇನ ಹಂಗ ಅಂದ್ರೇನೋ ಡಾಕ್ಟರ್?"

ವೈನಿಯ ಕೈಯ ಸುದ್ದಿ ಮಿಠಾಯಿ ಅಂಗಡಿಗೆ ಆಗಲೇ ಮುಟ್ಟಿತ್ತು. ಇನ್ನು ನಿಮ್ಮ ಖವಾ ಬೇಡ ಎಂದು ಅಂಗಡಿಯವನು ಗೊಣಗಿದ್ದ. ನನಗೆ ಅದೇ ಭಯ.

"ನನಗ ಕೇಳಿಸಿಲ್ಲ ಬೇ," ಅಂದೆ.

ವೈನಿ ನನ್ನನ್ನು ನೋಡಿದರು.

ಮರುದಿನದಿಂದ ಭಟ್ಟಿಯ ಮುಂದೆ ನನ್ನ ಹೆಂಡತಿ ಕುಳಿತಳು. ವೈನಿಗೆ ಹಿತ್ತಲ ಕೋಣೆ, ಬೇರೆ ತಾಟು, ಬೇರೆ ತಂಬಿಗೆ. ಹದಿನೈದು ವರ್ಷ ಹಾಲಿನ ಹದ ನೋಡಿದ ಕೈಗಳನ್ನು ಅವರು ಸೆರಗಿನೊಳಗೆ ಮುಚ್ಚಿಕೊಂಡು ಕೂರತೊಡಗಿದರು.

ಮೂರು ತಿಂಗಳ ಮೇಲೆ ಮತ್ತೆ ದವಾಖಾನೆಗೆ ಹೋದೆವು. ತಟ್ಟೆಯಲ್ಲಿ ಚರ್ಮ ಬೆಳೆದಿದೆ, ಬಣ್ಣವೂ ಇದೆ ಎಂದರು ಡಾಕ್ಟರು. ಕೈಮೇಲೆ ಯಾಕೆ ಅಳಿಯುತ್ತದೆ ಎಂಬುದು ಅವರಿಗೂ ತಿಳಿಯದು. ಹೊರಗೆ ಬಂದ ಮೇಲೆ ವೈನಿ ನಕ್ಕರು.

"ಅಲ್ಲೆ ಲ್ಯಾಬಿನ್ಯಾಗ ನನ್ನ ಚರ್ಮಾನ ಯಾರೂ ಬಾಜೂಕ ಸರಸಿಲ್ಲ ನೋಡ, ತಮ್ಮಾ. ಇದಾರೆ ಕೇಳಿಸ್ತೋ ಇಲ್ಲೋ ನಿನಗ?"

ಖಾನಾಪುರ ಬರುವವರೆಗೂ ನಾನು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ನಾವು ಜೈನರು. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುತ್ತೇವೆ. ಪ್ರತಿ ವರ್ಷ ಬಸದಿಯಲ್ಲಿ ಸಣ್ಣ ಮಕ್ಕಳಿಗೂ ಕೈಮುಗಿದೆ. ನಮ್ಮದೇ ಹಿತ್ತಲಿಗೆ ಹೋಗಲಿಲ್ಲ. ಮುಂದಿನ ವರ್ಷ ಎನ್ನುತ್ತಲೇ ವರ್ಷಗಳು ಹೋದವು, ಆ ಕೋಣೆಯಲ್ಲೇ ವೈನಿಯೂ ಹೋದರು. ಕೊನೆಯ ದಿನಗಳಲ್ಲಿ ನನ್ನ ಹೆಂಡತಿ ಅವರ ಪಕ್ಕ ಕುಳಿತು ತುತ್ತು ಉಣಿಸಿದಳು. ಅಷ್ಟಾದರೂ ಆಯಿತು. ಅವಳಿಗೆ ನಾನು ಋಣಿ.

ನಾನು ಕ್ಷಮೆ ಕೇಳದೆ ಉಳಿದವರು ಒಬ್ಬರೇ. ಹೆಸರು ಹಿಡಿದು ಒಮ್ಮೆಯೂ ಕರೆದವನಲ್ಲ.

ಅವರ ಹೆಸರು ಸುಮತಿ.