ನಾಲ್ಕು ತಾಲ್ಲೂಕು ಒಂದೇ ಸಾಲಿನಲ್ಲಿ

ಹೊಳೆನರಸೀಪುರದ ಗಿರಿಧರ ತನ್ನ ಪುಟ್ಟ ಅಂಗಡಿಯಲ್ಲಿ ಕೂತು ಟೈಪು ಮಾಡಿದ ಮದುವೆ ಪತ್ರಿಕೆಗಳಿಗೆ ಲೆಕ್ಕವಿಲ್ಲ. ತಾಲ್ಲೂಕಿನ ಅರ್ಧ ಮಕ್ಕಳು ಅವನ ಕೀಬೋರ್ಡಿನಿಂದಲೇ ಹುಟ್ಟಿದವು ಎಂದರೂ ತಪ್ಪಿಲ್ಲ. ಅವನಿಗೆ ಮಾತ್ರ ಆ ಕೆಲಸ ಸಾಕಾಗಿತ್ತು. ವೆಬ್ ಪುಟ ಕಟ್ಟುವುದನ್ನು ತಾನೇ ಕಲಿತಿದ್ದ. ಎರಡು ಸಾವಿರದ ಒಂಬತ್ತರಲ್ಲಿ ಚನ್ನರಾಯಪಟ್ಟಣದಲ್ಲಿದ್ದ, ನಾಲ್ಕು ತಾಲ್ಲೂಕಿನ ತೆಂಗು ಬೆಳೆಗಾರರ ಸಂಘವೊಂದು, ನಮಗೊಂದು ಪುಟ ಮಾಡಿಕೊಡು, ಸಭೆ ಒಪ್ಪಿದರೆ ಕಾಯಂ ಕೆಲಸ ಎಂದಾಗ, ನಲವತ್ತರ ಹತ್ತಿರ ಬಂದವನು ಮದುಮಗನ ಹಾಗೆ ಕ್ಷೌರ ಮಾಡಿಸಿಕೊಂಡು ಹೋದ.

ಅಧ್ಯಕ್ಷ ಹಿರೀಸಾವೆಯ ಪುಟ್ಟಸ್ವಾಮಿಯದು ಒಂದೇ ಷರತ್ತು. “ನಾಕು ತಾಲ್ಲೂಕಿನ ಸುದ್ದೀನೂ ಪಕ್ಕಪಕ್ಕ ಕೂತ್ಕಬೇಕು ಐನೋರೆ, ಪಂಕ್ತೀಲಿ ಕೂತಂಗೆ. ಒಬ್ರು ಮ್ಯಾಲೆ ಒಬ್ರು ಕೆಳಗೆ ಆದ್ರೆ ಸಂಘನೇ ಒಡೆದೋಯ್ತದೆ ಕಣ್ರೀ.”

ಪುಟದಲ್ಲಿ ಕೋಷ್ಟಕದ ಮನೆಗಳನ್ನು ಎಳೆಯುವ ಟೇಬಲ್ ಟ್ಯಾಗ್ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ವಿಷಯದಲ್ಲಿ ಗಿರಿಧರ ಮಡಿವಂತ: ಟೇಬಲ್ ಇರುವುದು ಅಂಕಿ ಅಂಶಕ್ಕೆ, ಪುಟದ ಗೋಡೆ ಕಟ್ಟುವುದಕ್ಕಲ್ಲ. ಪುಟದ ಅಂದಚಂದ ನಿರ್ಧರಿಸುವ ಸ್ಟೈಲ್ ಶೀಟಿನಲ್ಲಿ ‘ಡಿಸ್‌ಪ್ಲೇ’ ಎಂಬುದರ ಮುಂದೆ ‘ಟೇಬಲ್-ಸೆಲ್’ ಎಂದು ಬರೆದರೆ ಸಾಕು, ಎಂಥ ಸುದ್ದಿಯ ಡಬ್ಬವಾದರೂ ಟೇಬಲಿನ ಮನೆಯಂತೆ ಪಕ್ಕಕ್ಕೆ ಬಂದು ಕೂರುತ್ತದೆ. ಒಂದರಲ್ಲಿ ಸುದ್ದಿ ಹೆಚ್ಚಾದರೆ ಉಳಿದವೂ ಅಷ್ಟೇ ಎತ್ತರ ಬೆಳೆಯುತ್ತವೆ. ಹಳೆಯ ಬ್ರೌಸರಿಗೆ ಇದು ಅರ್ಥವಾಗದೆಂದು ಅವನಿಗೆ ಗೊತ್ತಿತ್ತು. ಆದರೆ ಅಧ್ಯಕ್ಷರ ಕೋಣೆಯಲ್ಲಿ ಹೊಸ ಕಂಪ್ಯೂಟರನ್ನು ಕಣ್ಣಾರೆ ಕಂಡಿದ್ದನಲ್ಲ! ಪಕ್ಕಪಕ್ಕ ಕೂತ ಮೇಲೆ ಯಾರು ಮೊದಲಾದರೇನೆಂದು ತನ್ನೂರನ್ನೇ ಮೊದಲು ಬರೆದ, ಹಾಸನ, ಚನ್ನರಾಯಪಟ್ಟಣ ಆಮೇಲೆ, ಕೊನೆಗೆ ಅರಕಲಗೂಡು.

ಸಭೆಯ ದಿನ ನೋಡಿದರೆ ಹೊಸ ಕಂಪ್ಯೂಟರಿನ ಮೇಲೆ ಟವಲ್ಲು, ಟವಲ್ಲಿನ ಮೇಲೆ ಹಾರ.

“ಆಯುಧಪೂಜೆ ಮಾಡಿ ಮಡಗಿರದು, ತೆಗುದ್ರೆ ಧೂಳು ಕೂತ್ಕತದೆ. ಹಳೇದ್ರಲ್ಲೇ ತೋರ್ಸಿ,” ಎಂದ ಪುಟ್ಟಸ್ವಾಮಿ.

ಗಿರಿಧರ ಬೆವರಿದ ಬೆವರಿಗೆ ಹೇಮಾವತಿ ಕಾಲುವೆ ಒಂದಡಿ ಏರಿರಬೇಕು. ಪುಟ ತೆರೆದುಕೊಂಡಿತು. ನಾಲ್ಕೂ ತಾಲ್ಲೂಕು ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು! ಹೊಳೆನರಸೀಪುರ ನೆತ್ತಿಯ ಮೇಲೆ. ಅರಕಲಗೂಡು ಕಾಣಬೇಕಾದರೆ ಮೌಸಿನ ಗಾಲಿ ತಿರುಗಿಸುತ್ತ ಪಾತಾಳದ ಬಾಗಿಲು ತಟ್ಟಬೇಕು.

ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದ ಸದಸ್ಯ ಗೌರೀಶಂಕರ ಎದ್ದು ನಿಂತ. “ನೋಡ್ರಲಾ, ತನ್ನೂರ್ನ ತಲೆ ಮ್ಯಾಲೆ ಮಡಿಕ್ಕಂಡು ಅರಕಲಗೂಡ್ನ ಕಾಲಡೀಗ್ ಹಾಕವ್ನೆ!”

“ಇಲ್ಲ ಸರ್, ಈ ಬ್ರೌಸರ್ ಹಳೇದು. ಹೊಸದರಲ್ಲಿ ತೆಗೆದರೆ...”

“ಅಂಗಾರೆ ನಮ್ ಮಿಷಿನ್‌ಗೇ ನಮ್ಮೇಲೆ ಕ್ವಾಪ ಅನ್ನಿ ಸಾ!” ಎಂದ ಗೌರೀಶಂಕರ.

ಅರಕಲಗೂಡಿನವರು ಕಾಫಿಯನ್ನೂ ಮುಟ್ಟದೆ ಹೊರಟುಹೋದರು. ಆ ಟವಲ್ಲು ತೆಗೆಯಲು ಯಾರ ಕೈಯೂ ಏಳಲಿಲ್ಲ.

ಕೆಲಸ ಪುಟ್ಟಸ್ವಾಮಿಯ ಅಣ್ಣನ ಮಗ ಅಭಿಷೇಕನಿಗಾಯಿತು. ತಿಂಗಳು ತುಂಬುವ ಮೊದಲೇ ಅವನು ಗಿರಿಧರನ ಅಂಗಡಿಗೆ ಬಂದ. “ಅಣ್ಣಾ, ನಂಗೆ ಇದೆಲ್ಲ ಬರಕ್ಕಿಲ್ಲ. ನಿನ್ ಪುಟಾನೇ ಕೊಡು. ಹಳೇ ಮಿಷಿನ್ನಲ್ಲೂ ನೆಟ್ಟಗೆ ಕೂರಂಗೆ ಮಾಡ್ಕೊಡು.”

ಗಿರಿಧರ ಸ್ಟೈಲ್ ಶೀಟಿನ ಆ ಸಾಲುಗಳನ್ನು ಅಳಿಸಿ, ಅದುವರೆಗೆ ಮುಟ್ಟದಿದ್ದ ಟೇಬಲ್ ಟ್ಯಾಗನ್ನೇ ಹಾಕಿದ. ಅರಕಲಗೂಡು ಮೊದಲು, ತನ್ನೂರು ಕೊನೆ.

“ಕೆಲಸ ಕಿತ್ಕೊಂಡೋನಿಗೆ ಯಾಕ್ರೀ ಮಾಡ್ಕೊಡ್ತೀರಿ?” ಎಂದಳು ಹೆಂಡತಿ ಗೌತಮಿ.

“ಪುಟ ನಂದಲ್ವೇನೇ,” ಎಂದ.

ಪುಟದ ಬುಡದಲ್ಲಿ ‘ರಚನೆ: ಅಭಿಷೇಕ್, ಹಿರೀಸಾವೆ’ ಎಂದೂ ಅವನೇ ಟೈಪು ಮಾಡಬೇಕಾಯಿತು. ಅಕ್ಷರ ಇನ್ನೂ ವಸಿ ದಪ್ಪ ಇರಲಿ ಎಂದ ಅಭಿಷೇಕ್. ಗಿರಿಧರ ದಪ್ಪ ಮಾಡಿಕೊಟ್ಟ.