ಏಳು ಚಾಕು, ಒಂದು ಚಕ್ಕುಲಿ ಡಬ್ಬ

ನನ್ನ ಮೊಮ್ಮಗ ಕಿರಣ್ ಅಡುಗೆ ಪರೀಕ್ಷೆಯಲ್ಲಿ ಪಾಸಾದ! ಓದುಗರೇ, ಮೊದಲು ಬಾಯಿ ಸಿಹಿ ಮಾಡಿಕೊಳ್ಳಿ, ಆಮೇಲೆ ಮುಂದೆ ಓದಿ.

ಇಲ್ಲಿ ಪರದೇಶದಲ್ಲಿ, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮ ಬೀದಿಗೆಲ್ಲ ಹೇಳಿಯಾಗಿದೆ. ನಾಯಿ ಕರೆದುಕೊಂಡು ಓಡಾಡುವ ಪಕ್ಕದ ಮನೆಯವರಿಗೆ ಎರಡು ಸಲ. (ನಾಯಿಗೂ.)

ಕಿರಣ್ ನನ್ನ ಮಗಳು ಶೋಭಾಳ ಮಗ. ಅಳಿಯ ಜೋಸೆಫ್ ಕೀನ್ಯಾದವರು. ಹುಡುಗ ಬಣ್ಣದಲ್ಲಿ, ಎತ್ತರದಲ್ಲಿ ಥೇಟ್ ಅಪ್ಪ. ಹಠದಲ್ಲಿ ಮಾತ್ರ ನಾನು.

ಅವನ ಕಾಲೇಜಿನಲ್ಲಿ ಇಲ್ಲದ ದೇಶದವರಿಲ್ಲ. ಬಾಗಿಲ ಪಕ್ಕ ಹತ್ತಾರು ಭಾಷೆಗಳಲ್ಲಿ ಸ್ವಾಗತ ಬರೆದಿದ್ದಾರೆ. (ಕನ್ನಡ ಇಲ್ಲ. ಹುಡುಕಿದೆ.) ಆದರೂ ಗಾರ್ಡ್ ದಿನಾ ನಿಲ್ಲಿಸುವುದು ನಮ್ಮವನನ್ನೇ! ಅಡುಗೆ ಕಲಿಯುವವರು ಸ್ವಂತ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ತರಬೇಕೆಂದು ಕಾಲೇಜೇ ಹೇಳಿದೆ. ಉಳಿದವರು ಗಂಟು ಹಿಡಿದು ಸೀದಾ ಒಳಗೆ ಹೋಗುತ್ತಾರೆ. ಇವನಿಗೆ ಮಾತ್ರ ಗಂಟು ಬಿಚ್ಚು, ಆಫೀಸಿಗೆ ಫೋನು, ವಿಚಾರಣೆ. ಹೋದ ಸಲ ಹೀಗೇ ತಡವಾಗಿ ಪರೀಕ್ಷೆ ತಪ್ಪಿತು. ಈ ಸಲವೂ ತಪ್ಪಿದರೆ ಇಡೀ ವರ್ಷ ಮತ್ತೆ ಓದಬೇಕು.

ಪರೀಕ್ಷೆಯ ಅಡುಗೆ ಉಣ್ಣಲು ಮನೆಯವರೊಬ್ಬರು ಹೋಗಬಹುದಂತೆ. ನಾನೇ ಹೊರಟೆ. ಕಾರ್ ಪಾರ್ಕಿನಲ್ಲಿ ಇಳಿದು, "ಆ ಚಾಕು ಗಂಟು ಇಲ್ಲಿ ಕೊಡೋ" ಅಂದೆ.

"ಅಜ್ಜಿ, ನೋ ವೇ! ಪೊಲೀಸ್ ವಿಲ್ ಅರೆಸ್ಟ್ ಯೂ!"

"ಮಾಡ್ಲಿ ಬಿಡು. ಅಲ್ಲಾದ್ರೂ ಯಾರೋ ಮಾಡಿ ಬಡಿಸ್ತಾರೆ."

ಏಳು ಚಾಕು ನನ್ನ ಬಟ್ಟೆ ಚೀಲ ಸೇರಿದವು, ಚಕ್ಕುಲಿ ಡಬ್ಬದ ಕೆಳಗೆ. ಒಂದು ಹೆಜ್ಜೆಗೆ ಠಣ್, ಇನ್ನೊಂದಕ್ಕೆ ಠಣಠಣ್. ಮದುವೆ ಮನೆಯ ಪಾತ್ರೆಗಳೇ ನಡೆದು ಬಂದ ಹಾಗೆ.

ಗಾರ್ಡ್ ಯಾರು ಅಂತೀರಿ? ನಮ್ಮ ಇಂಡಿಯಾದ ಹುಡುಗ! (ನನಗಿಂತ ಒಂದು ಗುಲಗಂಜಿಯಷ್ಟು ಬೆಳ್ಳಗಿದ್ದನೋ ಏನೋ.)

"ನಮಸ್ತೇ ಆಂಟಿ! ಸ್ವೀಟ್ಸಾ?"

"ಚಕ್ಕುಲಿ" ಎಂದು ಎರಡು ಕೊಟ್ಟೆ. ಚೀಲದೊಳಗೆ ಕಣ್ಣು ಹಾಯಿಸಲೂ ಇಲ್ಲ. ಕಟುಂ ಎಂದು ಕಡಿದು ನನಗೆ ಬಾಗಿಲು ತೆರೆದು ನಿಂತ.

ಹಿಂದೆಯೇ ಬಂದ ಕಿರಣ್‌ಗೆ? "ಹೇ, ಯೂ! ಐಡಿ! ಬ್ಯಾಗ್ ಓಪನ್!"

ಬಾಯಲ್ಲಿ ಇನ್ನೂ ನನ್ನ ಚಕ್ಕುಲಿ! ಬ್ಯಾಗಿನಲ್ಲಿ ಸಿಕ್ಕಿದ್ದು ಏಪ್ರನ್ನು ಮತ್ತು ಚಿತ್ರಾನ್ನದ ಡಬ್ಬಿ. ಮುಚ್ಚಳ ತೆಗೆದು ಚಿತ್ರಾನ್ನವನ್ನೂ ಪರೀಕ್ಷಿಸಿದ. ಕಡಲೆಬೀಜವನ್ನು ಗುಂಡು ಅಂದುಕೊಂಡನೇ?

"ಮೈ ಗ್ರ್ಯಾಂಡ್‌ಸನ್" ಎಂದೆ, ಜೋರಾಗಿಯೇ.

ಗಾರ್ಡ್ ನನ್ನನ್ನು ನೋಡಿದ. ಅವನನ್ನು ನೋಡಿದ. ಚಕ್ಕುಲಿ ಗಂಟಲಿಗೆ ಸಿಕ್ಕಿತು. ಕೆಮ್ಮುತ್ತಿದ್ದವನಿಗೆ ಕಿರಣ್ ತನ್ನ ನೀರಿನ ಬಾಟಲಿ ಕೊಟ್ಟು ಒಳಗೆ ಓಡಿದ. ನಾನು ಠಣಠಣ್ ಎಂದು ಹಿಂದೆ ಓಡಿ ಚಾಕು ಮುಟ್ಟಿಸಿದಾಗ ಇನ್ನೂ ಎರಡು ನಿಮಿಷ ಬಾಕಿ!

ಸಂಜೆ ಮನೆಯಲ್ಲಿ ಎಲ್ಲರೂ ಸುತ್ತ ಕೂತು ಅವನು ಮಾಡಿದ ಮೀನಿನ ಸಾರು ಬಾರಿಸಿದೆವು. ಇವತ್ತು ಬೀದಿ, ಅಂಗಡಿ, ಕಾಲೇಜು ಎಲ್ಲ ಸೇರಿ ಎಷ್ಟು ಸಲ ನಿಲ್ಲಿಸಿದರು ಎಂದು ಜೋಸೆಫ್ ಮಗನನ್ನು ಕೇಳಿದರು.

"ಒನ್ಲಿ ಒನ್ಸ್, ಡ್ಯಾಡ್."

"ಓಹ್! ಗುಡ್ ಡೇ ದೆನ್!" ಅಪ್ಪ ಮಗ ಇಬ್ಬರೂ ನಕ್ಕು ಇನ್ನೊಂದು ಸೌಟು ಬಡಿಸಿಕೊಂಡರು.

ನಾನು ನಾಲ್ಕನೇ ಕ್ಲಾಸು ದಾಟದವಳು, ಓದಿದವರು ನೀವೇ ಹೇಳಿ: ಒಂದೇ ಸಲ ನಿಲ್ಲಿಸಿದರೆ ಅದು ಒಳ್ಳೆಯ ದಿನ ಎಂದು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?